ಬಾಣದ ಗುರುತಿಲ್ಲದ ನಾಡು

ಮಧ್ಯಾಹ್ನದ ಬಿಡುವಿನಲ್ಲಿ ಹುಡುಗರು ಆಡುವ ಮಾತುಗಳನ್ನು ಶಿಕ್ಷಕನಾದವನು ಕೇಳಿಸಿಕೊಳ್ಳಬಾರದೆಂಬ ನಿಯಮವೇನೂ ಇಲ್ಲ. ಈ ವರ್ಷವೆಲ್ಲ ನಮ್ಮ ಒಂಬತ್ತನೆಯ ಇಯತ್ತೆಯಲ್ಲಿ ಒಂದು ವಾದ ನಡೆದಿದೆ: ವಿಡಿಯೋ ಗೇಮುಗಳಲ್ಲಿ ಯಾವುದು ದೊಡ್ಡದು? ಒಬ್ಬನು ನಕಾಶೆಯ ವಿಸ್ತಾರವನ್ನು ಮುಂದಿಡುತ್ತಾನೆ. ಇನ್ನೊಬ್ಬನಿಗೆ ಚಿತ್ರದ ಚೆಲುವೇ ಮುಖ್ಯ. ಹುಲ್ಲು ಎಸಳೆಸಳಾಗಿ ಗಾಳಿಗೆ ಬಾಗಬೇಕು. ಮೂರನೆಯವನು, ಖಾನಾವಳಿಯಲ್ಲಿ ರೊಟ್ಟಿ ಎಣಿಸುವವನಂತೆ, ಕೊಟ್ಟ ಹಣಕ್ಕೆ ಎಷ್ಟು ಗಂಟೆಯ ಆಟ ದೊರೆಯಿತೆಂದು ಲೆಕ್ಕ ಹಾಕುತ್ತಾನೆ. “ನೀವೇ ಹೇಳಿ, ಸರ್” ಎಂದು ಒಂದು ದಿನ ತೀರ್ಪನ್ನು ನನ್ನ ಮೇಲೆಯೇ ಹೊರಿಸಿಬಿಟ್ಟರು. ವರ್ಗದಲ್ಲಿ ಹೇಳತೊಡಗಿದರೆ ಸಮಾಸಪ್ರಕರಣ ಹಿಂದೆ ಬೀಳುವುದಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಯಾವ ಜಾತಿಯ ಆಟದ ಮಾತು ಎಂಬುದು ಮೊದಲು ಸ್ಪಷ್ಟವಾಗಲಿ. ಫೋನಿನಲ್ಲಿ ಹತ್ತು ನಿಮಿಷ ಗುಂಡು ಹಾರಿಸಿ ಮುಗಿಸುವ ಆಟಗಳನ್ನು ನಾನು ಹೇಳುತ್ತಿಲ್ಲ. ಮಾಯೆ ಮಂತ್ರಗಳೂ ವಿಚಿತ್ರ ಪ್ರಾಣಿಗಳೂ ಉಳ್ಳ ಒಂದು ಕಲ್ಪಿತ ದೇಶ. ಆಡುವವನು ಅಲ್ಲಿ ಒಂದು ಪಾತ್ರವನ್ನು ಧರಿಸಿ, ಇಷ್ಟ ಬಂದ ಕಡೆಗೆ ನಡೆದು, ಇಷ್ಟ ಬಂದ ಕೆಲಸವನ್ನು ಹಿಡಿಯುತ್ತಾನೆ. ಇಂಥವನ್ನು ಓಪನ್ ವರ್ಲ್ಡ್ ಎನ್ನುತ್ತಾರೆ. ತೆರೆದ ಲೋಕ ಎಂದುಕೊಳ್ಳೋಣ. ಇದರ ಬೇರು ಕಂಪ್ಯೂಟರಿನಲ್ಲಿಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದರು. ಕಾಗದ, ಪೆನ್ಸಿಲು, ದಾಳ, ಮತ್ತು ಕಥೆಯನ್ನು ನಡೆಸುವ ಒಬ್ಬ ಮನುಷ್ಯ, ಇಷ್ಟೇ ಅದರ ಸಾಮಗ್ರಿ. ಮುಂದೆ ಆ ಮನುಷ್ಯನ ಸ್ಥಾನದಲ್ಲಿ ಯಂತ್ರ ಬಂದು ಕುಳಿತಿತು. ಮನುಷ್ಯನಾದರೆ ಆಡುವವರ ಮುಖ ನೋಡಿ ಕಥೆಯನ್ನು ತಿರುಗಿಸಬಲ್ಲನು. ಯಂತ್ರಕ್ಕೆ ಮುಖ ಕಾಣದು. ಆದ್ದರಿಂದ ಅದಕ್ಕೆ ಮೊದಲೇ ಒಂದು ದೇಶವನ್ನು ಕಟ್ಟಿಕೊಡಬೇಕಾಗುತ್ತದೆ. ಆ ದೇಶವನ್ನು ಹೇಗೆ ಕಟ್ಟಿದರು, ಬಂದವನನ್ನು ಅದು ಹೇಗೆ ನೋಡಿಕೊಳ್ಳುತ್ತದೆ ಎಂಬುದರಲ್ಲಿಯೇ ಆಟದ ಹಿರಿಮೆ ಇದೆಯೆಂದು ನನ್ನ ಅಭಿಪ್ರಾಯ.

ವಿಸ್ತಾರದಿಂದಲೇ ಹಿರಿಮೆ ಬರುವುದಾಗಿದ್ದರೆ ವಾದವು 1996ರಲ್ಲಿಯೇ ಮುಗಿದುಹೋಗಬೇಕಾಗಿತ್ತು. ಆ ವರ್ಷ ಅಮೆರಿಕದ ಬೆಥೆಸ್ಡಾ ಸಂಸ್ಥೆಯವರು ‘ದಿ ಎಲ್ಡರ್ ಸ್ಕ್ರೋಲ್ಸ್’ ಮಾಲಿಕೆಯ ಎರಡನೆಯ ಆಟವಾದ ‘ಡ್ಯಾಗರ್‌ಫಾಲ್’ ಅನ್ನು ಹೊರತಂದರು. ಅದರ ನೆಲವನ್ನು ಗ್ರೇಟ್ ಬ್ರಿಟನ್ನಿನೊಡನೆ ಹೋಲಿಸುವುದುಂಟು. ಊರು, ಹಳ್ಳಿ, ನೆಲಮಾಳಿಗೆಗಳೆಲ್ಲ ಸೇರಿ 15,000ದಷ್ಟು ಎಂದು ಹೇಳುತ್ತಾರೆ. ಇವುಗಳಲ್ಲಿ ಬಹುಪಾಲನ್ನು ಕೈಯಿಂದ ಮಾಡಿದ್ದಲ್ಲ, ಸೂತ್ರ ಕೊಟ್ಟು ಕಂಪ್ಯೂಟರಿನಿಂದ ಹುಟ್ಟಿಸಿದ್ದು. ಪರಿಣಾಮವೇನೆಂದರೆ, ಒಂದು ಊರನ್ನು ನೋಡಿದವನು ನೂರು ಊರನ್ನು ನೋಡಿದಂತಾಯಿತು. ಅದೇ ಸಂಸ್ಥೆ 2002ರಲ್ಲಿ ಮಾಲಿಕೆಯ ಮೂರನೆಯ ಆಟವಾದ ‘ಮಾರೋವಿಂಡ್’ ಅನ್ನು ರಚಿಸುವಾಗ ಆ ಮಹಾದೇಶವನ್ನು ಬಿಟ್ಟು ಒಂದೇ ಒಂದು ದ್ವೀಪಕ್ಕೆ ಇಳಿಯಿತು. ಆದರೆ ಆ ದ್ವೀಪದ ಬಂಡೆ, ಬಾವಿ, ಬಾಗಿಲುಗಳನ್ನು ಮನುಷ್ಯರು ಕೂತು ಒಂದೊಂದಾಗಿ ಇಟ್ಟರು. ಇಪ್ಪತ್ತು ವರ್ಷ ದಾಟಿದ ಮೇಲೂ ಜನ ಅದನ್ನು ಆಡುತ್ತಿದ್ದಾರೆ.

ನಮ್ಮ ಚಾಳಿನ ತರುಣನೊಬ್ಬನು ಬೇರೆ ಊರಿನಲ್ಲಿ ಕೆಲಸ ಸಿಕ್ಕಿ ಹೊರಟಾಗ ತನ್ನ ಹಳೆಯ ಲ್ಯಾಪ್‌ಟಾಪನ್ನು ನನಗೆ ಕೊಟ್ಟುಹೋದನು. ಹೊಸ ಆಟಗಳನ್ನು ತಾಳಿಕೊಳ್ಳುವ ತ್ರಾಣ ಆ ಯಂತ್ರಕ್ಕಿಲ್ಲ. ‘ಮಾರೋವಿಂಡ್’ ಮಾತ್ರ ಸಲೀಸಾಗಿ ನಡೆಯುತ್ತದೆ. ಹೀಗೆ ನನ್ನ ಪಾಲಿಗೆ ಬಂದ ಆಟ ಅದು.

ಆ ದ್ವೀಪದ ಹೆಸರು ವಾರ್ಡನ್‌ಫೆಲ್. ನಡುವೆ ಬೆಂಕಿ ಕಾರುವ ಒಂದು ಕೆಂಪು ಬೆಟ್ಟ, ಅದರಿಂದ ಬೀಸಿ ಬರುವ ಬೂದಿಯ ಬಿರುಗಾಳಿ. ಮರಗಳೆತ್ತರದ ಅಣಬೆಗಳು; ಮಂತ್ರವಾದಿಗಳು ಅಂಥ ಅಣಬೆಗಳನ್ನೇ ಬೆಳೆಸಿ ಗೋಪುರ ಮಾಡಿಕೊಂಡು ವಾಸಿಸುತ್ತಾರೆ. ಒಂದು ಪಟ್ಟಣದಲ್ಲಂತೂ ಯಾವ ಕಾಲದಲ್ಲೋ ಸತ್ತ ಮಹಾ ಏಡಿಯೊಂದರ ಚಿಪ್ಪಿನೊಳಗೆ ಶ್ರೀಮಂತರ ಮನೆಗಳಿವೆ. ಊರಿಂದೂರಿಗೆ ಹೋಗಲು, ತಾಳೆಮರದಂತಹ ಕಾಲುಗಳುಳ್ಳ ಒಂದು ಬೃಹತ್ ಹುಳು. ಅದರ ಬೆನ್ನಿನ ಚಿಪ್ಪನ್ನು ಟೊಳ್ಳು ಮಾಡಿ ಅಲ್ಲಿ ಪ್ರಯಾಣಿಕರನ್ನು ಕೂರಿಸುತ್ತಾರೆ. ಈ ಹುಳು ಎಲ್ಲ ಊರಿಗೂ ಹೋಗುವುದಿಲ್ಲ. ಕೆಲವೆಡೆ ಇಳಿದು ದೋಣಿ ಹತ್ತಬೇಕು, ಕೆಲವೆಡೆ ಕಾಲ್ನಡಿಗೆಯೇ ಗತಿ. ದಾದರದಲ್ಲಿ ಮಧ್ಯ ರೈಲ್ವೆಯಿಂದ ಇಳಿದು ಸೇತುವೆ ಹತ್ತಿ ಪಶ್ಚಿಮ ರೈಲ್ವೆಗೆ ಓಡುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆಡುವವನು ಈ ನಾಡಿಗೆ ವೀರನಾಗಿ ಬರುವುದಿಲ್ಲ, ಕೈದಿಯಾಗಿ ಹಡಗಿನಿಂದಿಳಿಯುತ್ತಾನೆ. ಬಂದರಿನ ಕಚೇರಿಯಲ್ಲಿ ಹೆಸರು, ಕುಲ, ಕಸಬು ಬರೆಸಿಕೊಂಡು, ಬಾಲ್ಮೋರಾ ಎಂಬ ಊರಿನಲ್ಲಿ ಇಂಥವನಿಗೆ ಮುಟ್ಟಿಸೆಂದು ಒಂದು ಪೊಟ್ಟಣವನ್ನು ಕೊಟ್ಟು ಹೊರಕ್ಕೆ ಬಿಡುತ್ತಾರೆ. ಆ ಮನುಷ್ಯನ ಮನೆ ಎಲ್ಲಿ? ಊರಿನ ಒಂದು ಅರವಟ್ಟಿಗೆಯಂಥ ಮದ್ಯದಂಗಡಿಗೆ ಹೋಗಿ ವಿಚಾರಿಸಿಕೊಳ್ಳಬೇಕು. ಇಷ್ಟೇ. ನೆಲದ ಮೇಲೆ ಬಾಣವಿಲ್ಲ, ತಲೆಯ ಮೇಲೆ ಹೊಳೆಯುವ ಚುಕ್ಕೆಯಿಲ್ಲ.

ಇಲ್ಲಿಯೇ ಈ ಆಟದ ಸತ್ವವಿರುವುದು. ಮುಂದೆ ಒಬ್ಬ ವಿದ್ವಾಂಸನು, ಅಳಿದುಹೋದ ಒಂದು ಜನಾಂಗದ ಪಾಳುಮನೆಯಿಂದ ಚಿಕ್ಕದೊಂದು ಚೌಕದ ಪೆಟ್ಟಿಗೆಯನ್ನು ತಂದುಕೊಡೆಂದು ಕೇಳುತ್ತಾನೆ. ಆ ಪಾಳಿಗೆ ಹೋಗುವ ದಾರಿಯನ್ನು ಅವನು ಬಾಯಿಮಾತಿನಲ್ಲಿ ಹೇಳುತ್ತಾನೆ: ಊರಿನ ಆಗ್ನೇಯಕ್ಕಿರುವ ಕೋಟೆಯತ್ತ ಹೋಗು, ಅಲ್ಲಿಂದ ಮುಂದೆ ಬೂದಿಯ ಕಣಿವೆಗೆ ಅಡ್ಡಲಾಗಿ ಕಟ್ಟಿದ ಹಳೆಯ ಸೇತುವೆಯೊಂದು ಸಿಕ್ಕುತ್ತದೆ, ಅದನ್ನು ದಾಟಿ ಗುಡ್ಡ ಹತ್ತು. ಹತ್ತಿದವನಿಗೆ ಬಾಗಿಲೇ ಕಾಣಿಸದು. ಪಕ್ಕದ ಕೊಳವೆಯ ಮೇಲಿನ ತಿರುಗಣೆಯನ್ನು ತಿರುವಿದರೆ ಬಂಡೆ ಸರಿದು ದಾರಿ ತೆರೆಯುತ್ತದೆ. ಒಳಗೆ ಆ ಪೆಟ್ಟಿಗೆಯಾದರೋ ಮುಷ್ಟಿಯಷ್ಟು ಗಾತ್ರದ್ದು, ಹತ್ತಾರು ಹಳೆಯ ಪಾತ್ರೆ ಪಡಗಗಳ ನಡುವೆ ಕಪಾಟಿನ ಮೇಲೆ ಸುಮ್ಮನೆ ಕುಳಿತಿರುತ್ತದೆ. ಇದನ್ನು ಹುಡುಕಲಾರದೆ ಬೈದವರು ಜಗತ್ತಿನಲ್ಲೆಲ್ಲ ಇದ್ದಾರೆ. ಆದರೆ ಒಮ್ಮೆ ಹೋಗಿ ಬಂದವನು ಆ ಸೇತುವೆಯನ್ನು ಮರೆಯುವುದಿಲ್ಲ.

ನಾನು ಮುಂಬಯಿಗೆ ಬಂದಾಗ ಕೈಯಲ್ಲಿದ್ದದ್ದು ಗುಂಡಿ ಒತ್ತುವ ಸಾದಾ ಫೋನು, ಜೇಬಿನಲ್ಲಿದ್ದದ್ದು ನಮ್ಮ ಸೋದರಮಾವ ಬರೆದುಕೊಟ್ಟ ಒಂದು ಚೀಟಿ. ವರದಾ ನದಿಯ ದಂಡೆಯ ನಮ್ಮ ಊರಿನಲ್ಲಿ ದಾರಿಯನ್ನು ಹುಣಸೆಮರ, ಹಾಳುಬಾವಿ, ಗೌಡರ ಕಣ ಎಂದು ಹೇಳುವುದು ರೂಢಿ. ಮಾವ ಆ ರೂಢಿಯನ್ನೇ ಇಲ್ಲಿಗೂ ತಂದಿದ್ದರು. ಮಾಟುಂಗಾ ಎಂಬ ನಿಲ್ದಾಣ ಬೇರೆ, ಮಾಟುಂಗಾ ರೋಡ್ ಎಂಬ ನಿಲ್ದಾಣ ಬೇರೆ, ಎರಡೂ ಒಂದೇ ಗಾಡಿಯ ದಾರಿಯಲ್ಲಿಲ್ಲ ಎಂದು ಎರಡು ಬಾರಿ ಅಡಿಗೆರೆ ಹಾಕಿದ್ದರು. ಹೂವಿನವಳು, ಹಳದಿ ಬಣ್ಣದ ಕಟ್ಟಡ, ಅದರ ಹಿಂದಿನ ನಲ್ಲಿ, ಎಂದು ಪಟ್ಟಿ ಮಾಡಿದ್ದರು. ಆ ಚೀಟಿ ಹಿಡಿದು ನಾಲ್ಕು ಜನರನ್ನು ಕೇಳುತ್ತ, ನನ್ನ ಅರೆಮರಾಠಿಗೆ ಅವರು ನಗುತ್ತ, ನಾನು ನಡೆದ ಬೀದಿಗಳು ಇಂದಿಗೂ ನನ್ನ ಕಾಲಿಗೆ ಗೊತ್ತು. ಈಚೆಗೆ ಫೋನಿನ ನೀಲಿ ಗೆರೆಯನ್ನು ಹಿಂಬಾಲಿಸಿ ಹೋದ ಎಷ್ಟೋ ಕಡೆಗಳು ನನಗೆ ನೆನಪೇ ಇಲ್ಲ. ಮುಟ್ಟಿದೆನೆಂಬುದು ನಿಜ, ಹೋದೆನೆಂದು ಹೇಳಲಾರೆ.

ಮಾಲಿಕೆಯ ನಾಲ್ಕನೆಯ ಆಟವಾದ ‘ಒಬ್ಲಿವಿಯನ್’ 2006ರಲ್ಲಿ ಬಂದಾಗ ಪರದೆಯ ಮೇಲೆ ದಿಕ್ಸೂಚಿಯೊಂದು ಬಂದಿತು. ಹೋಗಬೇಕಾದ ಜಾಗವನ್ನು ಅದರಲ್ಲಿ ಗುರುತು ತೋರಿಸತೊಡಗಿತು. 2011ರ ‘ಸ್ಕೈರಿಮ್’ ಕೂಡ ಹಾಗೆಯೇ. ಈ ಆಟಗಳನ್ನು ನಾನು ಹಳಿಯಲಾರೆ. ಸ್ಕೈರಿಮ್‌ನ ಹಿಮಗಿರಿಗಳ ಗಾಂಭೀರ್ಯ ಮಾರೋವಿಂಡ್‌ಗೆ ಎಲ್ಲಿಂದ ಬರಬೇಕು? ಅಲ್ಲಿ ಹಳ್ಳಿಯ ಕಮ್ಮಾರನು ಹಗಲು ಕುಲುಮೆಯಲ್ಲಿ ದುಡಿದು ರಾತ್ರಿ ಮನೆಗೆ ಹೋಗಿ ಮಲಗುತ್ತಾನೆ. ಮಾರೋವಿಂಡ್‌ನ ಬಡಪಾಯಿಗಳು ಹಗಲು ರಾತ್ರಿ ನಿಂತಲ್ಲೇ ನಿಂತಿರುತ್ತಾರೆ. ಕತ್ತಿ ಬೀಸಿದರೆ ಎದುರಾಳಿಯ ಮೈಗೆ ತಾಗಿದಂತೆ ಕಂಡರೂ ಒಳಗೆ ದಾಳ ಬೀಳದಿದ್ದರೆ ಪೆಟ್ಟೇ ಇಲ್ಲವೆಂಬ ವಿಚಿತ್ರವೂ ಆ ಹಳೆಯ ಆಟದಲ್ಲಿದೆ. ಈ ಕುಂದುಗಳೆಲ್ಲ ನಿಜ. ಆದರೂ ಬಾಣದ ಗುರುತು ಬಂದ ಮೇಲೆ ಒಂದು ಸಂಗತಿ ಸದ್ದಿಲ್ಲದೆ ಬದಲಾಯಿತು. ದಾರಿ ಹೇಳುವ ಹೊಣೆ ಊರಿನ ಜನರಿಂದ ಗುರುತಿಗೆ ಹೋಯಿತು. ಜನ ದಾರಿ ಹೇಳಬೇಕಾಗಿಲ್ಲವಾದ್ದರಿಂದ ಬರೆಯುವವರು ಅವರ ಬಾಯಲ್ಲಿ ದಾರಿಯನ್ನು ಇಡಲಿಲ್ಲ. ಗುರುತನ್ನು ಆರಿಸಿಬಿಟ್ಟರೆ ಕೆಲವು ಕೆಲಸಗಳಲ್ಲಿ ಎತ್ತ ಹೋಗಬೇಕೆಂದು ತಿಳಿಯುವ ಉಪಾಯವೇ ಉಳಿಯುವುದಿಲ್ಲ. ಕಣ್ಣು ಪರದೆಯ ಮೇಲಂಚಿಗೆ ಅಂಟಿಕೊಳ್ಳುತ್ತದೆ, ಬೆಟ್ಟ ಬರಿಯ ಅಡ್ಡಿಯಾಗುತ್ತದೆ.

ಹೊಸ ಆಟಗಳೆಲ್ಲ ಹೀಗೆಯೇ ಎಂದು ತಿಳಿಯಬೇಡಿ. ಜಪಾನಿನ ನಿಂಟೆಂಡೋ ಸಂಸ್ಥೆಯ ಶಿಗೆರು ಮಿಯಾಮೋಟೊ ಎಂಬಾತನು ಬಾಲ್ಯದಲ್ಲಿ ಕ್ಯೋಟೋ ಸಮೀಪದ ತನ್ನ ಊರಿನ ಗುಡ್ಡ, ಗುಹೆಗಳಲ್ಲಿ ಅಲೆದ ಅನುಭವವನ್ನು ನೆನೆದು 1986ರಲ್ಲಿ ‘ಜೆಲ್ಡಾ’ ಎಂಬ ಆಟಕ್ಕೆ ರೂಪ ಕೊಟ್ಟನು. ಅದೇ ವಂಶದ ‘ಬ್ರೆತ್ ಆಫ್ ದಿ ವೈಲ್ಡ್’ 2017ರಲ್ಲಿ ಬಂದಿತು. ಅಲ್ಲಿ ಕಣ್ಣಿಗೆ ಬಿದ್ದ ಹೆಚ್ಚುಕಡಿಮೆ ಯಾವ ಬೆಟ್ಟವನ್ನಾದರೂ ಏರಬಹುದು. ಮಳೆ ಬಂದರೆ ಕೈ ಜಾರುತ್ತದೆ. ಹುಲ್ಲಿಗೆ ಬೆಂಕಿ ಹಚ್ಚಿದರೆ ಬಿಸಿಗಾಳಿ ಮೇಲೇಳುತ್ತದೆ. ಗುಡುಗಿನ ವೇಳೆ ಲೋಹದ ಕತ್ತಿ ಬೆನ್ನಿಗಿದ್ದರೆ ಸಿಡಿಲು ಅರಸಿಕೊಂಡು ಬರುತ್ತದೆ. ವಿಜ್ಞಾನದ ಗುರುಗಳು ಹೇಳಿದ್ದನ್ನು ಕೇಳಿಸಿಕೊಂಡ ಹುಡುಗನಿಗೆ ಅಲ್ಲಿ ಬದುಕು ಸುಲಭ. ದಾರಿಯನ್ನು ಮಾತಿನಿಂದ ಹೇಳದೆ ನೋಟದಿಂದ ಹೇಳುವ ಆಟವಿದು. ಇದನ್ನೂ ನಾನು ಹಿರಿಯದೆಂದೇ ಎಣಿಸುತ್ತೇನೆ.

ಮತ್ತೆ ಮಾರೋವಿಂಡ್‌ಗೆ ಬರುತ್ತೇನೆ. ಬಂದರಿನಿಂದ ಹೊರಟು ಸ್ವಲ್ಪ ದೂರ ನಡೆಯುವಷ್ಟರಲ್ಲಿ ಆಕಾಶದಿಂದ ಒಂದು ಚೀತ್ಕಾರ ಕೇಳುತ್ತದೆ. ಮರುಕ್ಷಣ ಮಂತ್ರವಾದಿಯೊಬ್ಬನು ದೊಪ್ಪನೆ ಬಿದ್ದು ಸಾಯುತ್ತಾನೆ. ಅವನ ಬಳಿ ಒಂದು ದಿನಚರಿಯೂ ಮೂರು ಮಂತ್ರದ ಸುರುಳಿಗಳೂ ಇವೆ. ಸುರುಳಿಯನ್ನು ಓದಿ ಜಿಗಿದರೆ ನೀವು ಮೋಡದೆತ್ತರಕ್ಕೆ ಹಾರಿ, ಅರ್ಧ ದ್ವೀಪವನ್ನು ಕಣ್ಣಡಿಗೆ ಕಂಡು, ಮಂತ್ರದ ಅವಧಿ ತೀರಿದ್ದರಿಂದ ಅವನಂತೆಯೇ ಬಿದ್ದು ಸಾಯುತ್ತೀರಿ. ನೆಲ ಮುಟ್ಟುವ ಮುನ್ನ ಎರಡನೆಯ ಸುರುಳಿಯನ್ನು ಓದಿದರೆ ಬದುಕುತ್ತೀರಿ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಅಷ್ಟೇ ಏಕೆ, ಮುಖ್ಯ ಕಥೆಗೆ ಬೇಕಾದ ವ್ಯಕ್ತಿಯನ್ನೇ ನೀವು ಕೊಂದರೂ ಆಟ ತಡೆಯುವುದಿಲ್ಲ. ವಿಧಿಯ ಎಳೆ ಕಡಿಯಿತೆಂದು ತಿಳಿಸಿ, ಹಿಂದಕ್ಕೆ ಹೋಗುವುದೋ ಕೆಟ್ಟ ಲೋಕದಲ್ಲಿಯೇ ಮುಂದುವರಿಯುವುದೋ ನೋಡಿಕೋ ಎನ್ನುತ್ತದೆ. ಬಿಡುವುದೆಂದರೆ ಹೀಗೆ ಬಿಡಬೇಕು. ಬಿದ್ದ ಮಗುವಿನ ಹಿಂದೆ ಓಡಿಬರುವ ತಾಯಿಯ ಪ್ರೀತಿ ದೊಡ್ಡದೇ. ಆದರೆ ಆ ಪ್ರೀತಿಯಿಂದ ಕಟ್ಟಿದ ಲೋಕವು ತೊಟ್ಟಿಲಿನಷ್ಟೇ ಅಗಲವಾಗಿರುತ್ತದೆ.

ಈ ನಾಡಿನಲ್ಲಿ ಓದದೆ ಒಂದು ಹೆಜ್ಜೆಯೂ ಸಾಗದು. ಮನೆಗಳಲ್ಲಿ, ಅಂಗಡಿಗಳಲ್ಲಿ, ಗುಡಿಗಳಲ್ಲಿ ನೂರಾರು ಪುಸ್ತಕಗಳಿವೆ. ವಿವೆಕ್ ಎಂಬ ದೇವನು ತಾನೇ ಬರೆದ 36 ಪಾಠಗಳು 36 ಹೊತ್ತಗೆಗಳಾಗಿ ದ್ವೀಪದ ತುಂಬ ಚದುರಿಹೋಗಿವೆ. ಆತನ ಮೈ ಅರ್ಧ ಹೊನ್ನಿನ ಬಣ್ಣ, ಅರ್ಧ ಬೂದಿಯ ಬಣ್ಣ. ನೋಡಿದೊಡನೆ ನನಗೆ ಅರ್ಧನಾರೀಶ್ವರನ ನೆನಪಾಯಿತು. ಪುಸ್ತಕಗಳೆಲ್ಲ ಒಂದೇ ಮಾತನ್ನು ಹೇಳುವುದಿಲ್ಲವೆಂಬುದು ಇನ್ನೂ ಸೊಗಸು. ಪೂರ್ವದಲ್ಲಿ ನೆರೆವರ್ ಎಂಬ ದಳಪತಿ ಕೆಂಪು ಬೆಟ್ಟದ ಕಾಳಗದ ಕಾಲದಲ್ಲಿ ಸತ್ತನು. ಹೇಗೆ ಸತ್ತನು? ಗುಡಿಯ ಪೂಜಾರಿಗಳು ಗಾಯದಿಂದ ಎನ್ನುತ್ತಾರೆ. ಬೂದಿಯ ಬಯಲಿನ ಅಲೆಮಾರಿಗಳು ಗೆಳೆಯರೇ ಕೊಂದರೆನ್ನುತ್ತಾರೆ. ಆ ಗೆಳೆಯರಲ್ಲೊಬ್ಬನಾದ ವಿವೆಕ್ ತನ್ನದೇ ಇನ್ನೊಂದು ಬಗೆಯಾಗಿ ಹೇಳುತ್ತಾನೆ. ಯಾವುದು ದಿಟವೆಂದು ಆಟ ಕೊನೆಗೂ ತೀರ್ಪು ಕೊಡುವುದಿಲ್ಲ. ಅರ್ಜುನನನ್ನು ನಾಯಕನನ್ನಾಗಿ ಮಾಡಿದ ಪಂಪನನ್ನೂ, ದುರ್ಯೋಧನನ ಘನತೆಯನ್ನು ಕಾಣಿಸಿದ ರನ್ನನನ್ನೂ, ಎಲ್ಲದರ ನಡುವೆ ಕೃಷ್ಣನನ್ನು ನಿಲ್ಲಿಸಿದ ಕುಮಾರವ್ಯಾಸನನ್ನೂ ಒಂದೇ ಬೆಂಚಿನ ಮೇಲೆ ಕೂತು ಓದುವ ನಿಮಗೆ ಇದರಿಂದ ದಿಗಿಲಾಗಬೇಕಾಗಿಲ್ಲ.

ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿವೆ. ಮ್ಯಾಟ್ರಿಕ್‌ವರೆಗೆ ಕನ್ನಡದಲ್ಲಿಯೇ ಓದಿದ ನನಗೆ ನಿಘಂಟು ಪಕ್ಕದಲ್ಲಿರಬೇಕು. ಕೆಲವು ಭಾನುವಾರ ನೆರೆಯ ಮಕ್ಕಳು ಮೂವರು ಬಂದು ಸೇರುತ್ತಾರೆ. ಒಬ್ಬನು ಓದುತ್ತಾನೆ, ನಾನು ಅರ್ಥ ಹೇಳುತ್ತೇನೆ, ಒಬ್ಬನು ಮೌಸು ಹಿಡಿಯುತ್ತಾನೆ. ಮೂರನೆಯವಳು ನಮ್ಮ ಶಾಲೆಯ ಹುಡುಗಿ. ಅವಳು ಗಣಿತದ ಹಳೆಯ ನೋಟುಬುಕ್ಕಿನ ಹಿಂಭಾಗದಲ್ಲಿ ದಾರಿಗಳನ್ನೆಲ್ಲ ಕನ್ನಡದಲ್ಲಿ ಬರೆದಿಡುತ್ತಾಳೆ. ‘ಕೋಟೆ ಬಲಕ್ಕೆ ಬಿಡಬೇಕು. ಮುರಿದ ಕಂಬ. ಹೊಳೆ ದಾಟಬಾರದು.’ ನಕಾಶೆಗಿಂತ ಆ ಪುಟಗಳು ನಮಗೆ ಹೆಚ್ಚು ಕೆಲಸಕ್ಕೆ ಬಂದಿವೆ.

ಅಲ್ಲಿಯ ಮೂಲನಿವಾಸಿಗಳು ಆಡುವವನನ್ನು ಬೀದಿಬೀದಿಯಲ್ಲಿ ಒಂದು ಮಾತಿನಿಂದ ಕರೆಯುತ್ತಾರೆ. ಹೊರನಾಡಿನವನು ಎಂದು ಅದರ ಅರ್ಥ, ಆದರೆ ದನಿಯಲ್ಲಿ ತಿರಸ್ಕಾರವಿದೆ. ಇದಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ಹುಡುಗಿ ಕೇಳಿದಳು. ಪರದೇಶಿ ಎಂದೆ. ನಮ್ಮ ಕಡೆ ಪರದೇಶಿ ಎಂದರೆ ದಿಕ್ಕಿಲ್ಲದವನು ಎಂದೂ ಅರ್ಥವಾಗುತ್ತದೆ. ದಿಕ್ಕು ಎಂದರೆ ಪೂರ್ವ ಪಶ್ಚಿಮಗಳೂ ಹೌದು, ಆಸರೆಯೂ ಹೌದು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರ್, ಇಲ್ಲಿ ನಮ್ಮನ್ನು ಮದ್ರಾಸಿ ಅಂತಾರೆ. ರಜೆಗೆ ಯಾದಗಿರಿಗೆ ಹೋದರೆ ಅತ್ತೆಯ ಮಕ್ಕಳು ಮುಂಬೈಯವಳು ಬಂದಳು ಅಂತಾರೆ” ಎಂದಳು. ಅವಳ ತಂದೆ ಕಟ್ಟಡದ ಕೆಲಸದ ಮೇಲೆ ಬಂದವರು. ಅವಳು ಹುಟ್ಟಿದ್ದು ಇಲ್ಲಿ. ನಾನು ಉತ್ತರ ಕೊಡಲಿಲ್ಲ. ಮೌಸು ಹಿಡಿದವನು ಹುಳದ ಗಾಡಿಯಿಂದ ಇಳಿಯುತ್ತಿದ್ದನು, ನಾವೆಲ್ಲ ಪರದೆಯ ಕಡೆ ತಿರುಗಿದೆವು.

ಮಾರೋವಿಂಡ್‌ನ ಕಥೆಯೇ ಈ ಪರದೇಶಿಯದು. ಸತ್ತ ನೆರೆವರ್ ಮತ್ತೆ ಹುಟ್ಟಿಬರುವನೆಂದು ಒಂದು ಭವಿಷ್ಯವಾಣಿಯಿದೆ. ಅವನೇ ಇವನಿರಬಹುದೆಂದು ಕೆಲವರಿಗೆ ಗುಮಾನಿ. ಬೇರೆ ಆಟಗಳಾದರೆ ಮೊದಲ ಗಳಿಗೆಯಲ್ಲಿಯೇ ಹಾರ ಹಾಕಿ ನೀನೇ ಆ ಮಹಾಪುರುಷನೆಂದು ಸಾರಿಬಿಡುತ್ತಿದ್ದವು. ಇಲ್ಲಿ ಅಲೆಮಾರಿಗಳ ಜಾಣ ಮುದುಕಿಯೊಬ್ಬಳು ಮುಖಕ್ಕೆ ಹೇಳುತ್ತಾಳೆ: ನೀನು ಅವನಲ್ಲ, ಆದರೆ ಅವನಾಗುವುದು ಸಾಧ್ಯವಿದೆ. ಹಿಂದೆ ಹೀಗೆಯೇ ಬಂದು ಆಗಲಾರದೆ ಸತ್ತವರ ಆತ್ಮಗಳೂ ಒಂದು ಗುಹೆಯಲ್ಲಿ ಭೇಟಿಯಾಗುತ್ತವೆ. ಆಗುವುದೆಂದರೆ ಏನು? ಮೂರು ದೊಡ್ಡ ಮನೆತನಗಳೂ ನಾಲ್ಕು ಅಲೆಮಾರಿ ಪಂಗಡಗಳೂ, ಒಟ್ಟು ಏಳು, ಈ ಹೊರಗಿನವನನ್ನು ತಮ್ಮ ಮುಂದಾಳೆಂದು ಒಪ್ಪಬೇಕು. ಎಲ್ಲರ ಒಪ್ಪಿಗೆಯೂ ಒಂದೇ ತರದ್ದಲ್ಲ. ವ್ಯಾಪಾರಿಗಳ ಮನೆತನದಲ್ಲಿ ಹಣ ಮಾತಾಡುತ್ತದೆ. ಯೋಧರ ಮನೆತನದ ಹಿರಿಯನು ಎಂದಿಗೂ ಒಪ್ಪುವುದಿಲ್ಲ, ಅಖಾಡದಲ್ಲಿ ಎದುರಿಸಬೇಕು. ಕಡಲಂಚಿನ ಅಹೆಮ್ಮೂಸರಾದರೆ, ಮೊದಲು ನಮ್ಮ ಜನಕ್ಕೆ ನಿರ್ಭಯವಾಗಿ ಇರಲು ಒಂದು ಠಾವು ತೋರಿಸು, ಆಮೇಲೆ ಮಿಕ್ಕ ಮಾತು ಎನ್ನುತ್ತಾರೆ. ಹೀಗೆ ಅವರವರ ಬಾಗಿಲಿಗೆ ಹೋಗಿ, ಅವರವರ ಪದ್ಧತಿ ಕಲಿತು, ಅವರವರ ಕಷ್ಟ ಕೇಳಿದ ಮೇಲೆ ಮಾತ್ರ ಆ ನಾಡು ಇವನಿಗೆ ದಿಕ್ಕಾಗುತ್ತದೆ. ಅಷ್ಟರಲ್ಲಿ ಇವನಿಗೂ ಅಲ್ಲಿಯ ಕಲ್ಲು ಮುಳ್ಳುಗಳ ಪರಿಚಯವಾಗಿರುತ್ತದೆ. ಆಟವನ್ನು ನಾನು ಹಿರಿಯದೆನ್ನುವುದು ಈ ಕಾರಣಕ್ಕಾಗಿ: ತನ್ನನ್ನು ನಿಮಗಾಗಿಯೇ ಹಾಸಿಟ್ಟಂತೆ ಅದು ನಟಿಸುವುದಿಲ್ಲ, ಹಾಗೆಂದು ಬಾಗಿಲನ್ನೂ ಮುಚ್ಚುವುದಿಲ್ಲ.

ಕೊನೆಗೆ ಎಲ್ಲರೂ ಒಪ್ಪುತ್ತಾರೆಯೇ ಎಂದು ಹುಡುಗಿ ಎರಡು ಸಲ ಕೇಳಿದ್ದಾಳೆ. ಹೇಳಿಬಿಟ್ಟರೆ ಸ್ವಾರಸ್ಯ ಕೆಡುವುದರಿಂದ ಹೇಳಿಲ್ಲ. ಏಳರಲ್ಲಿ ಮೂರು ಒಪ್ಪಿಗೆಗಳು ದೊರೆತಿವೆ. ವಾರ್ಷಿಕ ಪರೀಕ್ಷೆಗಳು ಮುಗಿದ ಮೇಲೆ ಅಹೆಮ್ಮೂಸರ ಬಿಡಾರಕ್ಕೆ ಹೊರಡಬೇಕು. ಅದು ಈಶಾನ್ಯದ ಕಡಲತೀರದಲ್ಲಿದೆ, ಹುಳದ ಗಾಡಿ ಅಲ್ಲಿಯವರೆಗೆ ಹೋಗುವುದಿಲ್ಲ; ದಾರಿ ಅವಳ ನೋಟುಬುಕ್ಕಿನಲ್ಲಿದೆ.